ಬೇಸಗೆಯನ್ನು ಗೆದ್ದ ಬಿಯರ್ ತಯಾರಕ ಗೇಬ್ರಿಯಲ್ ಸೆಡ್ಲ್‌ಮಾಯರ್

ಸೆಪ್ಟೆಂಬರ್ ಸಮೀಪಿಸಿತೆಂದರೆ ಯುರೋಪ್ ಮತ್ತು ಅಮೆರಿಕದ ಬ್ರೂವರಿಗಳ ಪಟ್ಟಿ ಬದಲಾಗುತ್ತದೆ. ಬೇಸಗೆಗೆಂದು ಮಾಡಿದ ತಿಳಿಯಾದ, ಹಗುರವಾದ ಬಿಯರುಗಳು ಹಿಂದೆ ಸರಿಯುತ್ತವೆ. ತಾಮ್ರದ ಬಣ್ಣದ, ಹದವಾಗಿ ಹುರಿದ ಧಾನ್ಯದ ಪರಿಮಳವುಳ್ಳ, ತುಸು ಗಟ್ಟಿಯಾದ ಮತ್ತೊಂದು ಬಿಯರು ಅವುಗಳ ಜಾಗಕ್ಕೆ ಬರುತ್ತದೆ. ಅದರ ಹೆಸರು ಮೆರ್ಟ್ಸೆನ್. ಜರ್ಮನ್ ಭಾಷೆಯಲ್ಲಿ ಹಾಗೆಂದರೆ ಮಾರ್ಚ್ ತಿಂಗಳಿನದು ಎಂದರ್ಥ. ಎಲೆ ಉದುರುವ ಕಾಲದಲ್ಲಿ ಕುಡಿಯುವ ಪಾನೀಯಕ್ಕೆ ವಸಂತದ ಹೊಸ್ತಿಲಲ್ಲಿರುವ ತಿಂಗಳಿನ ಹೆಸರೇಕೆ ಬಂತು ಎಂಬ ಪ್ರಶ್ನೆಗೆ ಉತ್ತರ ಹುಡುಕಿ ಹೊರಟರೆ, ಹತ್ತೊಂಬತ್ತನೆಯ ಶತಮಾನದ ಮ್ಯೂನಿಕ್ ನಗರದಲ್ಲಿ ಬಾಳಿದ ಗೇಬ್ರಿಯಲ್ ಸೆಡ್ಲ್‌ಮಾಯರ್ ಅವರ ಬದುಕು ಎದುರಾಗುತ್ತದೆ.

ಬಿಯರ್ ತಯಾರಿಕೆಯನ್ನು ಕೈಯಂದಾಜಿನ ಕಸುಬಿನಿಂದ ಅಳತೆಯ ವಿದ್ಯೆಯಾಗಿ ಬದಲಾಯಿಸಿದವರಲ್ಲಿ ಸೆಡ್ಲ್‌ಮಾಯರ್ ಅಗ್ರಗಣ್ಯರು. ಅವರು ಕಲಿತದ್ದರಲ್ಲಿ ಒಂದು ಪಾಲು ಕದ್ದು ಕಲಿತದ್ದು. ಆದರೆ ಕಲಿತದ್ದನ್ನು ಅವರು ಬಚ್ಚಿಡಲಿಲ್ಲ.

ಋತು ಎಳೆದ ಗೆರೆ

ಬವೇರಿಯಾದ ಬಿಯರಿಗೆ ಬೇಸಗೆಯೇ ಶತ್ರುವಾಗಿತ್ತು. ಅಲ್ಲಿನ ಯೀಸ್ಟ್ ಚಳಿಯಲ್ಲಿ, ಸುಮಾರು 5ರಿಂದ 10 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ನಿಧಾನವಾಗಿ ಕೆಲಸ ಮಾಡಿ ಪಾತ್ರೆಯ ತಳಕ್ಕೆ ಇಳಿಯುವ ಜಾತಿಯದು. ಹೀಗೆ ಹುದುಗಿದ ಬಿಯರನ್ನು ತಿಂಗಳುಗಟ್ಟಲೆ ತಣ್ಣನೆಯ ನೆಲಮಾಳಿಗೆಯಲ್ಲಿ ಇರಿಸಿದರೆ ಅದು ತಿಳಿಯಾಗಿ, ಮೃದುವಾಗಿ, ಬಹುಕಾಲ ಕೆಡದೆ ಉಳಿಯುತ್ತದೆ. ಇಂದು ಜಗತ್ತೇ ಲಾಗರ್ ಎಂದು ಕರೆಯುವ ಬಿಯರು ಇದು. ಜರ್ಮನ್ ಭಾಷೆಯಲ್ಲಿ ಆ ಪದಕ್ಕೆ ದಾಸ್ತಾನು ಎಂಬ ಅರ್ಥವಿದೆ. ಬಿಸಿಲು ಏರಿದೊಡನೆ ಮಾತ್ರ ಬೇಡದ ಸೂಕ್ಷ್ಮಜೀವಿಗಳು ಮೇಲುಗೈ ಪಡೆದು ಇಡೀ ತೊಟ್ಟಿಯೇ ಹುಳಿಯಾಗುತ್ತಿತ್ತು. ಕಾರಣವೇನೆಂದು ಆಗ ಯಾರಿಗೂ ತಿಳಿದಿರಲಿಲ್ಲ, ಪರಿಣಾಮ ಮಾತ್ರ ಎಲ್ಲರ ಅನುಭವಕ್ಕೂ ಬಂದಿತ್ತು.

ಆದ್ದರಿಂದಲೇ 1553ರಲ್ಲಿ ಬವೇರಿಯಾದ ಆಳರಸರು ಬಿಯರ್ ತಯಾರಿಕೆಗೆ ಕಾಲದ ಎಲ್ಲೆಯನ್ನೇ ವಿಧಿಸಿದರು. ಸೆಪ್ಟೆಂಬರ್ 29ರ ಸಂತ ಮೈಕೆಲರ ಹಬ್ಬದಿಂದ ಏಪ್ರಿಲ್ 23ರ ಸಂತ ಜಾರ್ಜರ ಹಬ್ಬದವರೆಗೆ ಮಾತ್ರ ಒಲೆ ಹೊತ್ತಿಸಬಹುದಿತ್ತು. ಉಳಿದ ಐದು ತಿಂಗಳು ಕಡಾಯಿಗಳು ತಣ್ಣಗಿರಬೇಕಾಗಿತ್ತು.

ಐದು ತಿಂಗಳು ಹೊಸ ಬಿಯರು ಇಲ್ಲವೆಂದ ಮೇಲೆ, ಅಷ್ಟು ಕಾಲಕ್ಕೆ ಆಗುವಷ್ಟು ಸಂಗ್ರಹವನ್ನು ಚಳಿಗಾಲದ ಕೊನೆಯಲ್ಲೇ ಮಾಡಿಟ್ಟುಕೊಳ್ಳುವುದು ಅನಿವಾರ್ಯ. ನಮ್ಮ ಮನೆಗಳಲ್ಲಿ ಮಳೆಗಾಲಕ್ಕೆಂದು ಬೇಸಗೆಯಲ್ಲೇ ಹಪ್ಪಳ, ಸಂಡಿಗೆ ಮಾಡಿಡುವಂತೆ ಅಲ್ಲಿನವರು ಮಾರ್ಚ್ ತಿಂಗಳಲ್ಲಿ ಬಿಯರು ಮಾಡಿಟ್ಟರು. ಅದು ಕೆಡದಿರಲೆಂದು ಧಾನ್ಯವನ್ನೂ ಹಾಪ್ಸ್ ಹೂವನ್ನೂ ಹೆಚ್ಚು ಹಾಕಿದರು. ಈಸಾರ್ ನದಿಯ ದಡದಲ್ಲಿ ಆಳವಾದ ನೆಲಮಾಳಿಗೆಗಳನ್ನು ತೋಡಿ, ಚಳಿಗಾಲದಲ್ಲಿ ಕೊಯ್ದು ತಂದ ಮಂಜುಗಡ್ಡೆಯನ್ನು ತುಂಬಿದರು. ಮೇಲೆ ನೆರಳಿಗೆಂದು ಅಗಲ ಎಲೆಯ ಚೆಸ್ಟ್‌ನಟ್ ಮರಗಳನ್ನು ನೆಟ್ಟರು. ಆ ಮರಗಳ ಕೆಳಗೆ ಮೇಜು, ಬೆಂಚುಗಳು ಬಂದು ಮ್ಯೂನಿಕ್‌ನ ಪ್ರಸಿದ್ಧ ಬಿಯರ್ ತೋಟಗಳು ಹುಟ್ಟಿದವು. ಸೆಪ್ಟೆಂಬರ್ ಕೊನೆಗೆ ಹೊಸ ತಯಾರಿಕೆ ಆರಂಭವಾಗುವ ಮುನ್ನ ಪೀಪಾಯಿಗಳು ಖಾಲಿಯಾಗಬೇಕು. ಹಾಗಾಗಿ ಮಾರ್ಚ್‌ನ ಬಿಯರಿನ ಕೊನೆಯ ಪಾಲು ಶರತ್ಕಾಲದ ಸಂಭ್ರಮಕ್ಕೆ ಒದಗಿತು.

ಚಿಕ್ಕ ಬ್ರೂವರಿಯ ಮಗ

1810ರ ಅಕ್ಟೋಬರ್ 12ರಂದು ಬವೇರಿಯಾದ ಯುವರಾಜ ಲುಡ್ವಿಗ್ ಮತ್ತು ರಾಜಕುಮಾರಿ ತೆರೇಸೆ ಅವರ ವಿವಾಹ ನೆರವೇರಿತು. ಅದರ ಅಂಗವಾಗಿ ನಗರದ ಹೊರಗಿನ ಹುಲ್ಲುಗಾವಲಿನಲ್ಲಿ ನಡೆದ ಕುದುರೆ ಪಂದ್ಯದಿಂದಲೇ ಅಕ್ಟೋಬರ್ ಉತ್ಸವದ ಪರಂಪರೆ ಆರಂಭವಾಯಿತು. ಅದಾದ ನಾಲ್ಕು ತಿಂಗಳಿಗೆ, 1811ರ ಫೆಬ್ರವರಿ 26ರಂದು, ಅದೇ ನಗರದಲ್ಲಿ ಗೇಬ್ರಿಯಲ್ ಜನಿಸಿದರು.

ತಂದೆಯ ಹೆಸರೂ ಗೇಬ್ರಿಯಲ್ ಸೆಡ್ಲ್‌ಮಾಯರ್. ರಾಜಮನೆತನದ ಬ್ರೂವರಿಯಲ್ಲಿ ಮುಖ್ಯ ತಯಾರಕರಾಗಿದ್ದ ಅವರು 1807ರಲ್ಲಿ ಸ್ಪಾಟೆನ್ ಎಂಬ ಬ್ರೂವರಿಯನ್ನು ಕೊಂಡರು. ಅದು 1397ರಷ್ಟು ಹಿಂದಿನ ಮೂಲವನ್ನು ಹೇಳಿಕೊಳ್ಳುವ ಹಳೆಯ ಸಂಸ್ಥೆಯಾದರೂ ಆಗ ನಗರದ ಚಿಕ್ಕ ಬ್ರೂವರಿಗಳ ಸಾಲಿನಲ್ಲಿತ್ತು. ಮಗ ಗೇಬ್ರಿಯಲ್ ಮತ್ತು ಅವರ ಸಹೋದರ ಯೋಸೆಫ್ ಇಬ್ಬರೂ ಅದೇ ಕಸುಬಿನಲ್ಲಿ ಬೆಳೆದರು.

ಅಂದಿನ ತಯಾರಕರು ಬಿಸಿ ನೀರಿನ ಹದವನ್ನು ಕೈ ಅದ್ದಿ ನೋಡುತ್ತಿದ್ದರು. ಧಾನ್ಯದ ರಸದಲ್ಲಿ ಎಷ್ಟು ಸಕ್ಕರೆಯಿದೆ ಎಂಬುದನ್ನು ನಾಲಿಗೆಯಿಂದ ಅಂದಾಜು ಮಾಡುತ್ತಿದ್ದರು. ಅನುಭವಿಯ ಕೈಯಲ್ಲಿ ಅದು ಬಹುಪಾಲು ಸರಿಯಾಗುತ್ತಿತ್ತು. ತಪ್ಪಿದಾಗ ಏಕೆ ತಪ್ಪಿತು ಎಂದು ಹೇಳುವ ದಾರಿಯಿರಲಿಲ್ಲ. ಒಂದು ತೊಟ್ಟಿ ಹಾಳಾದರೆ ಅಷ್ಟು ಬಾರ್ಲಿ, ಸೌದೆ, ದುಡಿಮೆ ಎಲ್ಲವೂ ಚರಂಡಿಯ ಪಾಲಾಗುತ್ತಿತ್ತು.

ಟೊಳ್ಳು ಊರುಗೋಲು

ಕಸುಬು ಕಲಿತ ಯುವಕರು ಊರೂರು ಸುತ್ತಿ ಅನುಭವ ಪಡೆದು ಬರುವುದು ಜರ್ಮನ್ ನಾಡಿನ ವಾಡಿಕೆ. ಗೇಬ್ರಿಯಲ್ ಕೂಡ ಹಾಗೆಯೇ ಹೊರಟರು. ವಿಯೆನ್ನಾ ಬಳಿಯ ಶ್ವೆಖಾಟ್‌ನ ಬ್ರೂವರಿ ಮನೆತನದ ಆಂಟನ್ ಡ್ರೇಹರ್ ಅವರಿಗೆ ಜೊತೆಯಾದರು. ಡ್ರೇಹರ್ ಹುಟ್ಟಿದ್ದು 1810ರಲ್ಲಿ. 1833ರಲ್ಲಿ ಗೆಳೆಯರು ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿಗೆ ಪ್ರಯಾಣ ಬೆಳೆಸಿದರು.

ಆ ಕಾಲಕ್ಕೆ ಬ್ರಿಟನ್ನಿನ ಬಿಯರ್ ಉದ್ಯಮ ಜಗತ್ತಿನಲ್ಲೇ ಅತ್ಯಂತ ಮುಂದುವರಿದದ್ದಾಗಿತ್ತು. ಉಗಿಯಂತ್ರ, ಉಷ್ಣಮಾಪಕ, ರಸದ ಸಾಂದ್ರತೆ ಅಳೆಯುವ ಸಕ್ಕರೆಮಾಪಕ ಎಲ್ಲವೂ ಅಲ್ಲಿನ ದೊಡ್ಡ ಬ್ರೂವರಿಗಳಲ್ಲಿ ದಿನನಿತ್ಯದ ಬಳಕೆಗೆ ಬಂದಿದ್ದವು. ಮೊಳಕೆಯೊಡೆದ ಬಾರ್ಲಿಯನ್ನು ಒಣಗಿಸುವ ವಿಧಾನವೂ ಬೇರೆಯಾಗಿತ್ತು. ಬವೇರಿಯಾದಲ್ಲಿ ಸೌದೆಯ ಬೆಂಕಿಯ ಮೇಲೆ ಒಣಗಿದ ಧಾನ್ಯ ಕಪ್ಪಾಗುತ್ತಿತ್ತು. ಇಂಗ್ಲೆಂಡಿನಲ್ಲಿ ಬಿಸಿ ಗಾಳಿಯ ಹದವನ್ನು ನಿಯಂತ್ರಿಸಿ ಒಣಗಿಸಿದ ಧಾನ್ಯ ತಿಳಿ ಬಣ್ಣದಲ್ಲಿ ಉಳಿಯುತ್ತಿತ್ತು.

ಅತಿಥಿಗಳಿಗೆ ಬ್ರೂವರಿ ತೋರಿಸಲು ಇಂಗ್ಲಿಷರು ಹಿಂಜರಿಯಲಿಲ್ಲ. ಆದರೆ ರಸದ ಸಾಂದ್ರತೆ, ಹುದುಗುವ ತೊಟ್ಟಿಯ ಉಷ್ಣತೆ ಮುಂತಾದ ಅಂಕಿಗಳನ್ನು ಬಿಟ್ಟುಕೊಡಲು ಅವರು ಸಿದ್ಧರಿರಲಿಲ್ಲ. ಗೆಳೆಯರು ಅದಕ್ಕೊಂದು ಉಪಾಯ ಹೂಡಿದರು. ಒಳಗೆ ಟೊಳ್ಳಾಗಿದ್ದು, ತುದಿಯಲ್ಲಿ ಕವಾಟವಿದ್ದ ಊರುಗೋಲೊಂದನ್ನು ಜೊತೆಗಿರಿಸಿಕೊಂಡರು. ಮಾತಿನ ನಡುವೆ ಯಾರಿಗೂ ಅರಿವಾಗದಂತೆ ಅದನ್ನು ತೊಟ್ಟಿಯೊಳಗೆ ಅದ್ದಿದರೆ ಒಂದಿಷ್ಟು ರಸ ಒಳಗೆ ಸೇರುತ್ತಿತ್ತು. ತಂಗಿದ್ದ ಕೋಣೆಗೆ ಹಿಂದಿರುಗಿ ಅದನ್ನು ಅಳೆದು ಅಂಕಿಗಳನ್ನು ಬರೆದಿಟ್ಟುಕೊಳ್ಳುತ್ತಿದ್ದರು.

ಇದನ್ನು ಚಾಣಾಕ್ಷತನವೆಂದು ಮೆಚ್ಚಿದವರಿದ್ದಾರೆ, ಗೂಢಚರ್ಯೆಯೆಂದು ಕರೆದವರೂ ಇದ್ದಾರೆ. ಆತಿಥ್ಯ ನೀಡಿದವರ ಕಣ್ಣು ತಪ್ಪಿಸಿ ನಡೆಸಿದ ಕೆಲಸವದು ಎಂಬುದನ್ನಂತೂ ಅಲ್ಲಗಳೆಯಲಾಗದು. ಆದರೆ ಗೆಳೆಯರು ತಂದದ್ದು ಪಾಕವನ್ನಲ್ಲ, ಅಳತೆಯ ಅಭ್ಯಾಸವನ್ನು. ಇಂಗ್ಲಿಷ್ ಬಿಯರನ್ನು ನಕಲು ಮಾಡುವ ಗೋಜಿಗೆ ಹೋಗದೆ, ಅದರ ಹಿಂದಿದ್ದ ಶಿಸ್ತನ್ನು ತಮ್ಮ ನಾಡಿನ ತಣ್ಣನೆಯ ಹುದುಗಿಗೆ ಅನ್ವಯಿಸಿದರು.

ಹೊಸ ಬಣ್ಣ, ಹೊಸ ಹದ

1839ರಲ್ಲಿ ತಂದೆ ತೀರಿಕೊಂಡ ಬಳಿಕ ಸ್ಪಾಟೆನ್ ಹೊಣೆ ಮಕ್ಕಳ ಹೆಗಲಿಗೇರಿತು. ಮುಂದೆ ಯೋಸೆಫ್ ಬೇರೆ ಬ್ರೂವರಿಯನ್ನು ಹಿಡಿದರು. ಗೇಬ್ರಿಯಲ್ ಸ್ಪಾಟೆನ್‌ನ ಏಕೈಕ ಒಡೆಯರಾದರು. 1841ರಲ್ಲಿ ಡ್ರೇಹರ್ ತಮ್ಮ ಶ್ವೆಖಾಟ್‌ನಲ್ಲಿ ತಿಳಿಗೆಂಪು ಬಣ್ಣದ ಹೊಸ ಲಾಗರ್ ಹೊರತಂದರು. ಅದು ವಿಯೆನ್ನಾ ಬಿಯರು ಎಂದು ಹೆಸರಾಯಿತು. ಅದೇ ಸುಮಾರಿಗೆ ಸೆಡ್ಲ್‌ಮಾಯರ್ ಅವರ ಮಾರ್ಚ್ ಬಿಯರೂ ಹೊಸ ಧಾನ್ಯದ ಬಲದಿಂದ ಹಳೆಯ ಕಂದು ಬಣ್ಣವನ್ನು ಕಳಚಿ ತಿಳಿಯಾಗತೊಡಗಿತು. ಮರುವರ್ಷ ಬೊಹೆಮಿಯಾದ ಪಿಲ್ಸೆನ್ ನಗರದಲ್ಲಿ ಹೊಂಬಣ್ಣದ ಲಾಗರ್ ಕಾಣಿಸಿಕೊಂಡಿತು. ಮಧ್ಯ ಯುರೋಪಿನ ಬಿಯರು ತನ್ನ ರೂಪವನ್ನು ಬದಲಿಸಿದ ದಶಕವದು.

ಮ್ಯೂನಿಕ್ ಜನರಿಗೆ ಬಿಯರು ವಿಲಾಸದ ವಸ್ತುವಾಗಿರದೆ ದಿನದ ಆಹಾರವೇ ಆಗಿತ್ತು. 1844ರ ಮೇ ತಿಂಗಳ ಆರಂಭದಲ್ಲಿ ಅದರ ಬೆಲೆ ಏರಿದಾಗ ಜನ ಬೀದಿಗಿಳಿದು ಬ್ರೂವರಿಗಳ ಮೇಲೆ ಕಲ್ಲು ತೂರಿದರು. ಕೊನೆಗೆ ದೊರೆ ಲುಡ್ವಿಗ್ ಬೆಲೆಯನ್ನು ಇಳಿಸಬೇಕಾಯಿತು. ಬೆಲೆ ಏರುವಂತಿಲ್ಲ, ಬೇಸಗೆಯಲ್ಲಿ ತಯಾರಿಸುವಂತಿಲ್ಲ, ಕೆಟ್ಟರೆ ನಷ್ಟ ತಪ್ಪಿದ್ದಲ್ಲ ಎಂಬ ಇಕ್ಕಟ್ಟಿನ ನಡುವೆ ಉದ್ಯಮ ನಡೆಸಬೇಕಿತ್ತು. ವ್ಯರ್ಥವಾಗುವ ಪ್ರತಿ ತೊಟ್ಟಿಯನ್ನೂ ಉಳಿಸಬಲ್ಲ ಅಳತೆಗೆ ಆ ಪರಿಸ್ಥಿತಿಯಲ್ಲಿ ಎಷ್ಟು ಬೆಲೆಯಿತ್ತು ಎಂಬುದನ್ನು ಊಹಿಸಬಹುದು. ಆ ದಶಕದಲ್ಲೇ ಸೆಡ್ಲ್‌ಮಾಯರ್ ಬ್ರೂವರಿಗೆ ಉಗಿಯಂತ್ರ ತಂದರು. ನಗರದೊಳಗಿನ ಜಾಗ ಸಾಲದಾದಾಗ ಮಾರ್ಸ್ ರಸ್ತೆಯಲ್ಲಿ ವಿಶಾಲವಾದ ಹೊಸ ಬ್ರೂವರಿ ಎದ್ದಿತು. ಬೇಸಗೆಯ ತಯಾರಿಕೆಯ ಮೇಲಿನ ಮೂರು ಶತಮಾನಗಳ ನಿಷೇಧ 1850ರಲ್ಲಿ ತೆರವಾಯಿತು. ಕಾನೂನು ಅಳಿದರೂ ಬಿಸಿಲು ಅಳಿಯಲಿಲ್ಲವಾದ್ದರಿಂದ ನೆಲಮಾಳಿಗೆ, ಮಂಜುಗಡ್ಡೆಗಳ ಅವಲಂಬನೆ ಹಾಗೆಯೇ ಮುಂದುವರಿಯಿತು.

ಡೆನ್ಮಾರ್ಕಿಗೆ ಹೋದ ಯೀಸ್ಟ್

ಸೆಡ್ಲ್‌ಮಾಯರ್ ಅವರ ವ್ಯಕ್ತಿತ್ವದ ಇನ್ನೊಂದು ಮುಖ 1845ರಲ್ಲಿ ಕಂಡಿತು. ಕೋಪನ್‌ಹೇಗನ್ನಿನ ತಯಾರಕ ಯಾಕೋಬ್ ಕ್ರಿಶ್ಚಿಯನ್ ಯಾಕೋಬ್ಸನ್ ಬವೇರಿಯಾ ಮಾದರಿಯ ಬಿಯರನ್ನು ತಮ್ಮ ನಾಡಿನಲ್ಲಿ ಮಾಡಬೇಕೆಂಬ ಹಂಬಲದಿಂದ ಮ್ಯೂನಿಕ್‌ಗೆ ಬಂದರು. ಆ ಕೆಲಸಕ್ಕೆ ಸರಿಯಾದ ಯೀಸ್ಟ್ ಬೇಕಿತ್ತು. ಅದು ಡೆನ್ಮಾರ್ಕಿನಲ್ಲಿರಲಿಲ್ಲ, ಸ್ಪಾಟೆನ್‌ನಲ್ಲಿತ್ತು.

ಸೆಡ್ಲ್‌ಮಾಯರ್ ಅವರ ಬಾಗಿಲಿನಲ್ಲಿ ನಿಂತ ಡೇನಿಷ್ ಅತಿಥಿಗೆ ಟೊಳ್ಳು ಊರುಗೋಲಿನ ಅಗತ್ಯ ಬೀಳಲಿಲ್ಲ. ಅವರು ಕೇಳಿದರು, ಸೆಡ್ಲ್‌ಮಾಯರ್ ಕೊಟ್ಟರು. ಯೀಸ್ಟನ್ನು ಡಬ್ಬಿಗಳಲ್ಲಿ ತುಂಬಿಕೊಂಡು, ದೀರ್ಘ ಪ್ರಯಾಣದುದ್ದಕ್ಕೂ ಗಾಡಿ ನಿಂತಲ್ಲೆಲ್ಲ ತಣ್ಣೀರಿನಿಂದ ತಂಪಾಗಿಸುತ್ತಾ ಯಾಕೋಬ್ಸನ್ ಅದನ್ನು ಜೀವಂತವಾಗಿ ಊರಿಗೆ ಮುಟ್ಟಿಸಿದರು. 1847ರಲ್ಲಿ ಅವರು ನಗರದ ಹೊರವಲಯದಲ್ಲಿ ಹೊಸ ಬ್ರೂವರಿ ತೆರೆದು, ಮಗ ಕಾರ್ಲ್‌ನ ಹೆಸರಿಗೆ ಗುಡ್ಡ ಎಂಬರ್ಥದ ಪದವನ್ನು ಸೇರಿಸಿ ಕಾರ್ಲ್ಸ್‌ಬರ್ಗ್ ಎಂದು ಕರೆದರು. 1883ರಲ್ಲಿ ಅದೇ ಸಂಸ್ಥೆಯ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹಾನ್ಸೆನ್ ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸುವ ವಿಧಾನವನ್ನು ಕಂಡುಹಿಡಿದರು. ಕಾರ್ಲ್ಸ್‌ಬರ್ಗ್ ಅದನ್ನು ಗುಟ್ಟಾಗಿಡದೆ ಇತರ ತಯಾರಕರಿಗೂ ಹಂಚಿತು. ಮ್ಯೂನಿಕ್‌ನಿಂದ ದಾನವಾಗಿ ಹೊರಟದ್ದು ದಾನವಾಗಿಯೇ ಜಗತ್ತನ್ನು ತಲುಪಿತು.

ಡೇರೆಯೊಳಗಿನ ತಾಮ್ರ ಬಣ್ಣ

ಸ್ಪಾಟೆನ್ ಬೆಳೆಯುತ್ತಾ ಹೋಗಿ ಮ್ಯೂನಿಕ್‌ನ ಅತಿ ದೊಡ್ಡ ಬ್ರೂವರಿಗಳ ಸಾಲಿಗೆ ಸೇರಿತು. 1867ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ಅದಕ್ಕೆ ಚಿನ್ನದ ಪದಕ ಸಂದಿತು. ಸಹೋದರ ಯೋಸೆಫ್ ಅವರ ಫ್ರಾನ್ಸಿಸ್ಕಾನರ್ ಬ್ರೂವರಿಯೂ ಹೆಸರು ಮಾಡಿತ್ತು. 1872ರ ಅಕ್ಟೋಬರ್ ಉತ್ಸವದಲ್ಲಿ ಮಿಖಾಯೆಲ್ ಶಾಟನ್‌ಹಾಮೆಲ್ ಎಂಬ ಹೋಟೆಲಿನವರ ಮಳಿಗೆಗೆ ಬಿಯರಿನ ಕೊರತೆಯಾದಾಗ, ಯೋಸೆಫ್ ಅವರ ಬ್ರೂವರಿಯಲ್ಲಿ ವಿಯೆನ್ನಾ ವಿಧಾನದಲ್ಲಿ ತಯಾರಾದ ಗಟ್ಟಿಯಾದ ಮೆರ್ಟ್ಸೆನ್ ಅಲ್ಲಿಗೆ ಬಂತು. ಸಾಮಾನ್ಯ ಬಿಯರಿಗಿಂತ ಅದರ ಬೆಲೆ ಹೆಚ್ಚಿದ್ದರೂ ಜನ ಮೆಚ್ಚಿ ಕುಡಿದರು. ಗೆಳೆಯರ 1833ರ ಪ್ರಯಾಣದಲ್ಲಿ ಮೊಳೆತದ್ದು ವಿಯೆನ್ನಾ ಸುತ್ತಿಕೊಂಡು ಹೀಗೆ ಮ್ಯೂನಿಕ್‌ಗೆ ಮರಳಿತ್ತು. ಅಂದಿನಿಂದ ಸುಮಾರು ನೂರು ವರ್ಷ ಆ ಉತ್ಸವವೆಂದರೆ ತಾಮ್ರ ಬಣ್ಣದ ಮೆರ್ಟ್ಸೆನ್ ಎಂಬ ಮಾತು ನಿಂತಿತು. ಆ ದಿನ ನೋಡಲು ಡ್ರೇಹರ್ ಉಳಿದಿರಲಿಲ್ಲ. ಅವರು 1863ರಲ್ಲೇ ನಿಧನರಾಗಿದ್ದರು.

ಯಂತ್ರ ತಂದ ಚಳಿ

ಅರವತ್ತು ದಾಟಿದ ವಯಸ್ಸಿನಲ್ಲಿ ಸೆಡ್ಲ್‌ಮಾಯರ್ ಕೈಗೊಂಡ ನಿರ್ಧಾರವೊಂದು ಅವರ ಬದುಕಿನ ಅತಿ ದೊಡ್ಡ ಸಾಹಸವೆನ್ನಬಹುದು. ಮ್ಯೂನಿಕ್‌ನ ತಾಂತ್ರಿಕ ಶಾಲೆಯಲ್ಲಿ ಪ್ರಾಧ್ಯಾಪಕರಾಗಿದ್ದ ಕಾರ್ಲ್ ಲಿಂಡೆ ಎಂಬ ತರುಣ, ಶಾಖವನ್ನು ಯಂತ್ರದಿಂದ ಹೊರತೆಗೆದು ಚಳಿಯನ್ನು ಉಂಟುಮಾಡುವ ಬಗೆಯನ್ನು ಕುರಿತು ಲೇಖನಗಳನ್ನು ಬರೆದಿದ್ದರು. ಅನಿಲವೊಂದನ್ನು ಒತ್ತಿ ದ್ರವವಾಗಿಸಿ, ಮತ್ತೆ ಆವಿಯಾಗಲು ಬಿಟ್ಟರೆ ಅದು ಸುತ್ತಲಿನ ಶಾಖವನ್ನು ಹೀರುತ್ತದೆ ಎಂಬುದು ಅದರ ತತ್ತ್ವ. ಕಾಗದದ ಮೇಲೆ ಲೆಕ್ಕ ಸರಿಯಾಗಿತ್ತು. ಆದರೆ ದುಬಾರಿ ಯಂತ್ರವನ್ನು ಕಟ್ಟಿ ಪರೀಕ್ಷಿಸಲು ಸ್ಥಳ ಬೇಕಿತ್ತು, ನಷ್ಟಕ್ಕೆ ಹೆದರದ ಒಬ್ಬ ಉದ್ಯಮಿಯೂ ಬೇಕಿತ್ತು.

1873ರಲ್ಲಿ ಸೆಡ್ಲ್‌ಮಾಯರ್ ತಮ್ಮ ಬ್ರೂವರಿಯ ಬಾಗಿಲನ್ನು ಆ ಪ್ರಯೋಗಕ್ಕೆ ತೆರೆದರು. ಮೀಥೈಲ್ ಈಥರ್ ಬಳಸಿದ ಮೊದಲ ಯಂತ್ರ ತೃಪ್ತಿಕರವಾಗಲಿಲ್ಲ. ಅನಿಲ ಸೋರದಂತೆ ತಡೆಯುವುದೇ ಕಷ್ಟವಾಯಿತು. ಲಿಂಡೆ ಸೋಲೊಪ್ಪದೆ ಅಮೋನಿಯಾ ಬಳಸುವ ಉತ್ತಮ ಯಂತ್ರವನ್ನು ರೂಪಿಸಿದರು. 1876ರಲ್ಲಿ ಅಂಥ ಯಂತ್ರವೊಂದು ಟ್ರಿಯೆಸ್ಟೆ ನಗರದಲ್ಲಿದ್ದ ಡ್ರೇಹರ್ ಮನೆತನದ ಬ್ರೂವರಿಗೆ ಹೋಯಿತು. ಊರುಗೋಲು ಹಿಡಿದು ಒಟ್ಟಾಗಿ ಸುತ್ತಿದ ಗೆಳೆಯರ ಎರಡು ಮನೆತನಗಳು ಬೇಸಗೆಯನ್ನು ಗೆಲ್ಲುವ ಕೆಲಸದಲ್ಲೂ ಹೀಗೆ ಜೊತೆಯಾದವು. 1879ರಲ್ಲಿ ಲಿಂಡೆ ತಮ್ಮದೇ ಕಂಪನಿಯನ್ನು ಸ್ಥಾಪಿಸಿದರು.

ಇದರ ಫಲವಾಗಿ ವರ್ಷದ ಯಾವ ದಿನವಾದರೂ ಲಾಗರ್ ತಯಾರಿಸಬಹುದಾಯಿತು. ಚಳಿಗಾಲ ಸೌಮ್ಯವಾಗಿ ಮಂಜುಗಡ್ಡೆ ಸಾಲದಾದರೂ ಅಂಜಬೇಕಿಲ್ಲವಾಯಿತು. ಮಾಂಸ, ಹಾಲು, ಮೀನುಗಳನ್ನು ಕೆಡದಂತೆ ದೂರದೂರಿಗೆ ಸಾಗಿಸುವ ವ್ಯವಸ್ಥೆ ಬೆಳೆದದ್ದೂ ಇಂಥ ಯಂತ್ರಗಳ ಬೆನ್ನಿಗೇ. ಮಂಜು ಬೀಳದ ನಾಡುಗಳಲ್ಲಿ, ನಮ್ಮ ಬಯಲುಸೀಮೆಯ ಊರುಗಳಲ್ಲೂ, ಇಂದು ಲಾಗರ್ ತಯಾರಾಗುತ್ತಿದ್ದರೆ ಅದು ಯಂತ್ರದ ಚಳಿಯಿಂದಲೇ.

ಈ ಲಾಭಕ್ಕೆ ಬೆಲೆಯೂ ಇತ್ತು. ಉಗಿಯಂತ್ರ, ಶೀತಯಂತ್ರಗಳನ್ನು ಕೊಳ್ಳುವ ಶಕ್ತಿ ಎಲ್ಲರಿಗೂ ಇರಲಿಲ್ಲ. ಶತಮಾನದ ಆರಂಭದಲ್ಲಿ ಹತ್ತಾರು ಸಂಖ್ಯೆಯಲ್ಲಿದ್ದ ಮ್ಯೂನಿಕ್‌ನ ಬ್ರೂವರಿಗಳು ಕೊನೆಯ ಹೊತ್ತಿಗೆ ಬಹಳ ಕಡಿಮೆಯಾದವು. ಚಿಕ್ಕ ಬ್ರೂವರಿಯೊಂದರ ಮಗನಾಗಿ ಹುಟ್ಟಿದ ಸೆಡ್ಲ್‌ಮಾಯರ್ ಅವರ ಸಾಧನೆಯೇ ಚಿಕ್ಕ ಬ್ರೂವರಿಗಳಿಗೆ ಉಳಿಗಾಲವಿಲ್ಲದಂತೆ ಮಾಡಿದ ಬದಲಾವಣೆಯ ಭಾಗವಾಯಿತು. ಮಾರ್ಚ್‌ನಲ್ಲಿ ಮಾಡಿಟ್ಟು ಶರತ್ಕಾಲದವರೆಗೆ ಕಾಯಲೇಬೇಕೆಂಬ ಅಗತ್ಯವೂ ಇಲ್ಲವಾಯಿತು. ತಮಗೆ ಕೀರ್ತಿ ತಂದ ಬಿಯರಿನ ಹುಟ್ಟಿಗೆ ಕಾರಣವಾದ ಕಟ್ಟುಪಾಡನ್ನೇ ಅವರು ಕಳಚಿಹಾಕಿದ್ದರು.

ಶರತ್ಕಾಲದ ವಿದಾಯ

1874ರಲ್ಲಿ ಸೆಡ್ಲ್‌ಮಾಯರ್ ಬ್ರೂವರಿಯ ಆಡಳಿತವನ್ನು ಮಕ್ಕಳಾದ ಯೋಹಾನ್, ಕಾರ್ಲ್ ಮತ್ತು ಆಂಟನ್ ಅವರಿಗೆ ವಹಿಸಿ ನಿವೃತ್ತರಾದರು. 1891ರ ಅಕ್ಟೋಬರ್ 1ರಂದು ಎಂಬತ್ತನೆಯ ವಯಸ್ಸಿನಲ್ಲಿ ಮ್ಯೂನಿಕ್‌ನಲ್ಲೇ ಕೊನೆಯುಸಿರೆಳೆದರು. ಹಳೆಯ ಕಾನೂನಿನಂತೆ ಹೊಸ ಬಿಯರಿಗೆ ಒಲೆ ಹೊತ್ತಿಸುತ್ತಿದ್ದ ಸಂತ ಮೈಕೆಲರ ಹಬ್ಬ ಕಳೆದು ಆಗ ಎರಡು ದಿನವಾಗಿತ್ತು.

ಅವರ ಸಂಸ್ಥೆ 1894ರಲ್ಲಿ ಮ್ಯೂನಿಕ್‌ನ ಮೊದಲ ಹೊಂಬಣ್ಣದ ಲಾಗರನ್ನು ಮಾರುಕಟ್ಟೆಗೆ ತಂದಿತು. 1922ರಲ್ಲಿ ಯೋಸೆಫ್ ಅವರ ಫ್ರಾನ್ಸಿಸ್ಕಾನರ್ ಬ್ರೂವರಿ ಸ್ಪಾಟೆನ್ ಜೊತೆ ಒಂದಾಯಿತು. ಈಗ ಎರಡೂ ಬಹುರಾಷ್ಟ್ರೀಯ ಕಂಪನಿಯೊಂದರ ಒಡೆತನದಲ್ಲಿವೆ. ಆದರೂ 1884ರಲ್ಲಿ ರೂಪುಗೊಂಡ ಗುದ್ದಲಿಯ ಲಾಂಛನದ ಮೇಲೆ ಗೇಬ್ರಿಯಲ್ ಸೆಡ್ಲ್‌ಮಾಯರ್ ಹೆಸರಿನ ಎರಡು ಮೊದಲಕ್ಷರಗಳು ಇಂದಿಗೂ ಉಳಿದಿವೆ.

ಮ್ಯೂನಿಕ್‌ನ ಉತ್ಸವದ ಡೇರೆಗಳಲ್ಲಿ ಈಗ ಸಿಗುವುದು ಹೆಚ್ಚಾಗಿ ತಿಳಿ ಹೊಂಬಣ್ಣದ ಬಿಯರು. ತಾಮ್ರ ಬಣ್ಣದ ಮೆರ್ಟ್ಸೆನ್ ಪದ್ಧತಿಯನ್ನು ಪ್ರೀತಿಯಿಂದ ಕಾಪಾಡಿಕೊಂಡು ಬಂದವರಲ್ಲಿ ಅಮೆರಿಕದ ಕಿರು ಬ್ರೂವರಿಗಳಿಗೆ ದೊಡ್ಡ ಪಾಲಿದೆ. ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ ಅವು ಪ್ರತಿವರ್ಷ ಹೊಸದಾಗಿ ಅದನ್ನು ಹೊರತರುತ್ತವೆ. 2010ರ ದಶಕದ ಆರಂಭದಿಂದ ಬೆಂಗಳೂರಿನಲ್ಲಿ ತಲೆಯೆತ್ತಿದ ಕಿರು ಬ್ರೂವರಿಗಳಲ್ಲೂ ಕೆಲವು ಅಕ್ಟೋಬರ್ ಹೊತ್ತಿಗೆ ಜರ್ಮನ್ ಉತ್ಸವದ ನೆಪದಲ್ಲಿ ಅಂಥ ಬಿಯರಿನತ್ತ ಹೊರಳುತ್ತವೆ. ಉಷ್ಣಮಾಪಕ, ಸಕ್ಕರೆಮಾಪಕ, ಶೀತಯಂತ್ರ ಇಂದು ಅತಿ ಚಿಕ್ಕ ಬ್ರೂವರಿಗೂ ಕೈಗೆಟಕುತ್ತವೆ. ಒಂದು ಕಾಲಕ್ಕೆ ಚಿಕ್ಕವರನ್ನು ಅಳಿಸಿದ ಸಾಧನಗಳೇ ಈಗ ಚಿಕ್ಕವರನ್ನು ಉಳಿಸಿವೆ.

ಇಂದು ಯಾವ ತಯಾರಕನೂ ಮಾರ್ಚ್‌ನಲ್ಲೇ ಬಿಯರು ಮಾಡಿಡಬೇಕಿಲ್ಲ, ಯಾವ ಗ್ರಾಹಕನೂ ಸೆಪ್ಟೆಂಬರ್‌ವರೆಗೆ ಕಾಯಬೇಕಿಲ್ಲ. ಹಾಗಿದ್ದೂ ಜನ ಕಾಯುತ್ತಾರೆ. ಅನಿವಾರ್ಯವಾಗಿದ್ದ ಕಟ್ಟುಪಾಡು ಈಗ ಇಷ್ಟಪಟ್ಟು ಆಚರಿಸುವ ಹಬ್ಬವಾಗಿದೆ. ಬೇಸಗೆಯ ಭಯದಿಂದ ಬಿಯರನ್ನು ಬಿಡಿಸಿದ ಗೇಬ್ರಿಯಲ್ ಸೆಡ್ಲ್‌ಮಾಯರ್ ಅವರ ಹೆಸರು ಆ ಬಟ್ಟಲು ಎತ್ತುವವರಲ್ಲಿ ಹಲವರಿಗೆ ತಿಳಿದಿಲ್ಲವಾದರೂ, ವರ್ಷಕ್ಕೊಮ್ಮೆ ಬರುವ ಆ ತಾಮ್ರದ ಬಣ್ಣದಲ್ಲಿ ಅವರ ಬದುಕಿನ ದುಡಿಮೆ ಬೆರೆತಿದೆ.